ಕಾಣದ ನೋವು, ತುಂಬು ಸಂಸಾರ

(ಶತಮಾನೋತ್ಸವ ವರ್ಷದ ಅಂಗವಾಗಿ, ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ನಡೆದ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ದೇವಾಲಯದ ಅಸ್ತಿವಾರಕ್ಕೆ ಕಲ್ಲು ಹೊತ್ತ ಹಿರಿಯರನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕುರಿತು ಬಲ್ಲವರು ಮಾತನಾಡಿದ್ದಾರೆ, ಇನ್ನೂ ಮಾತನಾಡಲಿದ್ದಾರೆ. ಇಂದು ವಿಶ್ವ ರೋಗಿಗಳ ದಿನ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಈ ಆಚರಣೆಯನ್ನು ಸ್ಥಾಪಿಸಿದರು. ಮರುವರ್ಷ ಲೂರ್ದು ಮಾತೆಯ ಹಬ್ಬದಂದು ಅದು ಮೊದಲ ಬಾರಿಗೆ ನಡೆಯಿತು. ಸಮ್ಮೇಳನ ಸಮಿತಿಯವರು ನಮಗೆ 'ಕುಟುಂಬದಲ್ಲಿ ರೋಗಿಗಳ ಆರೈಕೆ' ಎಂಬ ವಿಷಯವನ್ನು ಕೊಟ್ಟಿದ್ದಾರೆ. ಹಾಸಿಗೆ ಹಿಡಿದವರನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ನಿಮಗೆ ನಾವು ಕಲಿಸಬೇಕಾಗಿಲ್ಲ. ಈ ಊರಿನ ಮನೆಗಳಲ್ಲಿ ಅದನ್ನು ನಾವೇ ಕಂಡು ಕಲಿತಿದ್ದೇವೆ. ನಾವಿಂದು ಮಾತನಾಡಲಿರುವುದು ಹಾಸಿಗೆ ಹಿಡಿಯಲು ಬಿಡುವೇ ಇಲ್ಲದ ರೋಗಿಯನ್ನು ಕುರಿತು. ಮನೆಯ ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸಿ, ಎಲ್ಲರೂ ಮಲಗಿದ ಮೇಲೆ ಬಾಗಿಲಿಗೆ ಅಗಣಿ ಹಾಕುವ ರೋಗಿಯನ್ನು ಕುರಿತು.

ಇದರಲ್ಲಿ ನಮ್ಮದೇ ಒಂದು ತಪ್ಪಿನ ಕಥೆ ಇದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ಅದು ನಾವು ಇಲ್ಲಿಗೆ ಬರುವ ಮೊದಲು ಇದ್ದ ಒಂದು ಹಳ್ಳಿಯ ಧರ್ಮಕೇಂದ್ರ. ಊರಿನ ಹೆಸರಾಗಲಿ ಮನೆತನದ ಹೆಸರಾಗಲಿ ಬೇಡ. ಆ ತಾಯಿ ತಮ್ಮ ವಿಷಯವನ್ನು ಹೇಳಲು ನಮಗೆ ಒಪ್ಪಿಗೆ ಕೊಟ್ಟಿದ್ದಾರೆ. ನಾವಿದನ್ನು ಕೇಳಿದ್ದು ಪಾಪನಿವೇದನೆಯ ಪೀಠದಲ್ಲಲ್ಲ, ಅವರ ಮನೆಯ ಜಗಲಿಯ ಮೇಲೆ ಕುಳಿತು. ಇಷ್ಟನ್ನು ಸ್ಪಷ್ಟಪಡಿಸದಿದ್ದರೆ ನಾಳೆಯಿಂದ ನಮ್ಮ ಬಳಿಗೆ ಯಾರೂ ಪಾಪನಿವೇದನೆಗೆ ಬಾರದೆ ಹೋದಾರು!

ಆ ಮನೆಯಲ್ಲಿ ಹನ್ನೊಂದು ಮಂದಿ. ಅತ್ತೆ, ಪಾರ್ಶ್ವವಾಯುವಿನಿಂದ ಮಲಗಿದ್ದ ಮಾವ, ಗಂಡ, ಮದುವೆಯಾಗದ ಮೈದುನ, ಆರು ಮಕ್ಕಳು, ಹನ್ನೊಂದನೆಯವರಾಗಿ ಆ ತಾಯಿ. ಕರೆಯುವ ಹಸು ಎರಡು. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು ಡೇರಿಗೆ ಕಳುಹಿಸಿ, ನೀರು ತಂದು, ಮಾವನವರ ಮೈ ಒರೆಸಿ ಬಟ್ಟೆ ಬದಲಿಸಿ, ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತಿಗೆ ಬೇರೆಯವರ ಅರ್ಧ ದಿನದ ಕೆಲಸ ಅಲ್ಲಿ ಮುಗಿದಿರುತ್ತಿತ್ತು. ದಿನಕ್ಕೆರಡು ಬಾರಿ ಮುದ್ದೆ. ಹನ್ನೊಂದು ಮಂದಿಗೆ ಆಗುವಷ್ಟು ರಾಗಿ ಹಿಟ್ಟನ್ನು ಬಿಸಿ ಪಾತ್ರೆಯಲ್ಲಿ ಕೋಲಿನಿಂದ ತಿರುವಿ ಹದಕ್ಕೆ ತರುವುದೆಂದರೆ ಏನೆಂಬುದನ್ನು ತಿರುವಿದವರೇ ಬಲ್ಲರು. ಉಣ್ಣುವ ಗಂಡಸರು ಅದನ್ನು ನುಂಗುವ ಸುಖವನ್ನು ಮಾತ್ರ ಬಲ್ಲರು.

2011ರ ಅಕ್ಟೋಬರ್, ಜಪಮಾಲೆಯ ತಿಂಗಳು. ನಾವು ಮನೆಮನೆಗೆ ಆಶೀರ್ವಾದಕ್ಕೆ ಹೋಗಿದ್ದೆವು. ಉಳಿದವರೆಲ್ಲ ಒಳಗೆ ಹೋದ ಮೇಲೆ ಆ ತಾಯಿ ಕಂಬಕ್ಕೆ ಒರಗಿ ನಿಂತು ಮೆಲ್ಲನೆ ಹೇಳಿದರು: "ಸ್ವಾಮಿ, ಮೈಯೆಲ್ಲ ಯಾರೋ ಕೋಲಿನಿಂದ ಬಡಿದ ಹಾಗೆ ನೋಯುತ್ತದೆ. ಒಂದು ದಿನ ಹೆಗಲು, ಒಂದು ದಿನ ಸೊಂಟ, ಒಂದು ದಿನ ಎಲ್ಲ. ರಾತ್ರಿ ಮಲಗುತ್ತೇನೆ, ಬೆಳಿಗ್ಗೆ ಎದ್ದರೆ ಮಲಗಲೇ ಇಲ್ಲವೇನೋ ಅನ್ನಿಸುತ್ತದೆ. ಚಿಕ್ಕ ಮಗು ಓಡಿ ಬಂದು ಅಪ್ಪಿಕೊಂಡರೂ ನೋಯುತ್ತದೆ, ಸ್ವಾಮಿ. ತಾಯಿಯಾಗಿ ಇದನ್ನು ಹೇಗೆ ಹೇಳಲಿ?" ಐದನೆಯ ಹೆರಿಗೆಯ ನಂತರ ಪ್ರಾರಂಭವಾದ ನೋವಂತೆ. ಎರಡು ಮೂರು ಕಡೆ ತೋರಿಸಿದ್ದರು. ಎಕ್ಸ್-ರೇ ತೆಗೆದರು, ರಕ್ತ ಪರೀಕ್ಷಿಸಿದರು, ಏನೂ ಇಲ್ಲವೆಂದರು. ಒಬ್ಬರು ಸೂಜಿಮದ್ದು ಚುಚ್ಚಿದರು. ಇನ್ನೊಬ್ಬರು, ಇದೆಲ್ಲ ಮನಸ್ಸಿನ ಭ್ರಮೆ, ಮನೆಯಲ್ಲಿ ಏನಾದರೂ ಜಗಳವೇ ಎಂದು ಗಂಡನನ್ನು ಕೇಳಿದರು. ಅತ್ತೆಯವರು ಯಾರೋ ಹೇಳಿದರೆಂದು ತಾಯಿತ ಕಟ್ಟಿಸಿದ್ದೂ ಉಂಟು.

ನಾವೇನು ಹೇಳಿದೆವು ಗೊತ್ತೇ? ಇದನ್ನು ಶಿಲುಬೆಯೆಂದು ಸ್ವೀಕರಿಸಿ ತಾಯಿ, ಪ್ರಭುವಿನ ಯಾತನೆಯೊಡನೆ ಸೇರಿಸಿ ಒಪ್ಪಿಸಿ ಎಂದೆವು. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆವು. "ಆಗಲಿ ಸ್ವಾಮಿ" ಎಂದು ಅವರು ಒಳಗೆ ಹೋಗಿ ಕಾಫಿ, ಹುರಿಗಾಳು ತಂದುಕೊಟ್ಟರು. ನಾವು ತಿಂದು, ಕಾಫಿ ಕುಡಿದು, ಮುಂದಿನ ಮನೆಗೆ ಹೋದೆವು. ಒಳ್ಳೆಯ ಗುರುವಿನ ಕೆಲಸ ಮಾಡಿದೆವೆಂಬ ತೃಪ್ತಿಯೂ ನಮಗಿತ್ತು.

2014ರ ಊರ ಹಬ್ಬ. ತೇರು ಎಳೆದು ಬಂದವರಿಗೆಲ್ಲ ಊಟದ ವ್ಯವಸ್ಥೆ ಮಾಡುತ್ತಿದ್ದವರು ಎಂದಿನಂತೆ ಮಾತೆಯರ ಸಂಘದವರು. ಕುದಿಯುವ ಸಾರಿನ ಪಾತ್ರೆಯನ್ನು ಇಬ್ಬರು ಹೆಂಗಸರು ಇಳಿಸುತ್ತಿದ್ದಾಗ ಆ ತಾಯಿಯ ಕೈ ಹಿಡಿತ ತಪ್ಪಿತು. ದೇವರ ದಯೆ, ಮಕ್ಕಳಾರೂ ಹತ್ತಿರ ಇರಲಿಲ್ಲ. ಅವರ ಎರಡೂ ಪಾದಗಳು ಸುಟ್ಟವು. ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆ ಔಷಧ ಹಚ್ಚುತ್ತಿದ್ದ ವೈದ್ಯೆಯೊಬ್ಬರು, "ಪಾತ್ರೆ ಏಕೆ ಬಿತ್ತು?" ಎಂದು ಕೇಳಿದರು. ಪ್ರಶ್ನೆ ಅಷ್ಟೇ. ಆದರೆ ಕೇಳಿ, ಉತ್ತರ ಬರುವವರೆಗೂ ಕುರ್ಚಿಯಿಂದ ಏಳಲಿಲ್ಲ. ಅರ್ಧ ಗಂಟೆ ಕೇಳಿಸಿಕೊಂಡರಂತೆ. ಆಮೇಲೆ ಕತ್ತಿನ ಹಿಂದೆ, ಹೆಗಲ ಮೇಲೆ, ಮೊಣಕೈ ಬಳಿ, ಸೊಂಟದಲ್ಲಿ, ಮೊಣಕಾಲ ಒಳಬದಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಈ ಕಾಯಿಲೆಗೆ ಒಂದು ಹೆಸರಿದೆ ಎಂದರು. ಆ ಹೆಸರು ಕೇಳಿದಾಗ ತಾಯಿ ಅತ್ತುಬಿಟ್ಟರು. ರೋಗ ಇದೆಯೆಂದು ಹೇಳಿದರೆ ಸಂತೋಷದಿಂದ ಅಳುವವರನ್ನು ಆ ವೈದ್ಯೆ ಮೊದಲೂ ಕಂಡಿದ್ದರಂತೆ.

ನಾವು ಆಸ್ಪತ್ರೆಗೆ ಹೋದಾಗ ಒಂದು ವಿಷಯ ತಿಳಿಯಿತು. ಜಗಲಿಯ ಮಾತುಕತೆಯ ನಂತರದ ಆ ಮೂರು ವರ್ಷಗಳಲ್ಲಿ ಅವರು ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ, ಗಂಡನಿಗೂ ನೋವಿನ ಸುದ್ದಿ ಎತ್ತಿರಲಿಲ್ಲ. "ಸ್ವಾಮಿಯವರೇ ಹೊತ್ತುಕೋ ಅಂದ ಮೇಲೆ ಇನ್ನು ಯಾರ ಹತ್ತಿರ ಹೇಳಲಿ ಅಂದುಕೊಂಡೆ." ದೂರುವ ದನಿಯಿರಲಿಲ್ಲ, ಸಹಜವಾಗಿ ಹೇಳಿದರು. ಪ್ರಿಯರೇ, ಮೂವತ್ತೈದು ವರ್ಷಗಳಿಗೂ ಮೀರಿದ ನಮ್ಮ ಗುರುಜೀವನದಲ್ಲಿ ನಾವು ಕೊಟ್ಟ ಉಪದೇಶಗಳಲ್ಲಿ ಬಹುಪಾಲನ್ನು ಜನರು ಪಾಲಿಸಿಲ್ಲವೆಂಬ ಕೊರಗು ನಮಗಿದೆ. ಪಾಲಿಸಬಾರದಿದ್ದ ಈ ಒಂದನ್ನು ಅವರು ಅಕ್ಷರಶಃ ಪಾಲಿಸಿದ್ದರು.

ಆ ರೋಗದ ಹೆಸರು ಫೈಬ್ರೊಮಯಾಲ್ಜಿಯ. ಗುರುವಿದ್ಯಾಮಂದಿರದಲ್ಲಿ ಕಲಿತ ಲ್ಯಾಟಿನ್ ಮತ್ತು ಗ್ರೀಕ್ ನಮಗೆ ಬಹಳ ದಿನಗಳ ಮೇಲೆ ಉಪಯೋಗಕ್ಕೆ ಬಂದವು: ಲ್ಯಾಟಿನ್ನಿನ ಫೈಬ್ರ ಎಂದರೆ ನಾರು, ಗ್ರೀಕಿನ ಮಿಸ್ ಎಂದರೆ ಸ್ನಾಯು, ಆಲ್ಗೊಸ್ ಎಂದರೆ ನೋವು. ನಾರು-ಸ್ನಾಯುಗಳ ನೋವು ಎಂದಷ್ಟೇ ಅರ್ಥ; ಹೆಸರು ಕಾರಣವನ್ನು ಹೇಳುವುದಿಲ್ಲ. ಲಂಡನಿನ ಪ್ರಸಿದ್ಧ ವೈದ್ಯ ವಿಲಿಯಂ ಗೋವರ್ಸರು 1904ರಲ್ಲಿ ಇದನ್ನು ಸ್ನಾಯುವಿನ ನಾರುಗಳ ಉರಿಯೂತವೆಂದು ಭಾವಿಸಿ ಫೈಬ್ರೊಸೈಟಿಸ್ ಎಂದು ಕರೆದರು. ಮುಂದೆ ಎಷ್ಟು ಹುಡುಕಿದರೂ ಉರಿಯೂತ ಕಾಣಲಿಲ್ಲವಾದುದರಿಂದ 1976ರಲ್ಲಿ ಈಗಿನ ಹೆಸರು ಬಂತು. ದೇಹದ 18 ಬಿಂದುಗಳಲ್ಲಿ ಒತ್ತಿ ನೋಡಿ, 11ರಲ್ಲಿಯಾದರೂ ನೋವಿದ್ದು, ಮೈಯ ಎಲ್ಲ ಭಾಗಗಳಲ್ಲಿ ಮೂರು ತಿಂಗಳಿಗೆ ಕಡಿಮೆಯಿಲ್ಲದೆ ನೋವು ಇದ್ದರೆ ಅದು ಈ ರೋಗವೆಂದು ಅಮೆರಿಕೆಯ ತಜ್ಞರು 1990ರಲ್ಲಿ ನಿಯಮ ಮಾಡಿದರು. 2010ರಲ್ಲಿ ಆ ಎಣಿಕೆಯನ್ನು ಬಿಟ್ಟು, ನೋವಿನ ಹರವಿನ ಜೊತೆಗೆ ಆಯಾಸ, ವಿಶ್ರಾಂತಿ ಕೊಡದ ನಿದ್ರೆ, ಮರೆವು ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಗಂಡಸರಿಗೂ ಬರುತ್ತದೆ, ಹೆಂಗಸರಲ್ಲಿ ಹೆಚ್ಚು. ಅನೇಕ ದೇಶಗಳ ಅಂದಾಜಿನಂತೆ ನೂರು ವಯಸ್ಕರಲ್ಲಿ ಇಬ್ಬರಿಂದ ನಾಲ್ವರಿಗೆ ಇದೆ. ಈ ಸಭಾಂಗಣದಲ್ಲಿ ಎಷ್ಟು ಜನ ಕುಳಿತಿದ್ದೀರಿ, ನೀವೇ ಲೆಕ್ಕ ಹಾಕಿ.

ಎಕ್ಸ್-ರೇಯಲ್ಲಿ ಏಕೆ ಕಾಣುವುದಿಲ್ಲ? ಆ ವೈದ್ಯೆ ಹೇಳಿದ್ದನ್ನು ನಮಗೆ ಅರ್ಥವಾದಂತೆ ಹೇಳುತ್ತೇವೆ. ನಮ್ಮ ದೇವಾಲಯದ ಧ್ವನಿವರ್ಧಕವನ್ನೇ ನೋಡಿ. ಪೀಠಸೇವಕ ಹುಡುಗ ಹಬ್ಬದ ಉತ್ಸಾಹದಲ್ಲಿ ಅದರ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟರೆ ನಾವು ಉಸಿರಾಡಿದ್ದೂ ಗುಡುಗಿನಂತೆ ಕೇಳುತ್ತದೆ, ಪುಟ ಮಗುಚಿದರೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಮೈಕನ್ನು ಬಿಚ್ಚಿ ಪರೀಕ್ಷಿಸಿದರೆ ಅದರಲ್ಲಿ ದೋಷವಿರುವುದಿಲ್ಲ. ಹಾಗೆಯೇ ಈ ರೋಗದಲ್ಲಿ ಕೀಲು, ಮೂಳೆ, ಸ್ನಾಯುಗಳು ಕೆಟ್ಟಿರುವುದಿಲ್ಲ. ಅವುಗಳಿಂದ ಬರುವ ಸುದ್ದಿಯನ್ನು ಮಿದುಳು ಮತ್ತು ಬೆನ್ನುಹುರಿ ಬಹಳವಾಗಿ ದೊಡ್ಡದು ಮಾಡಿ ಕೇಳಿಸುತ್ತವೆ. ಕೇಳುವವನ ಕಿವಿಗೆ ಆ ಸದ್ದು ಸುಳ್ಳೇ? ಇದು ನಟನೆಯಲ್ಲ, ಸೋಮಾರಿತನವಲ್ಲ, ದೆವ್ವವೂ ಅಲ್ಲ. ಕೈಕಾಲು ಸೊಟ್ಟಗಾಗುವುದಿಲ್ಲ, ಇದರಿಂದ ಸಾವು ಬರುವುದಿಲ್ಲ. ಆದರೆ ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ.

ಹಾಗೆಂದು ಮೈಕೈ ನೋವೆಲ್ಲ ಇದೇ ರೋಗವೆಂದು ನೀವೇ ತೀರ್ಮಾನಿಸಿಕೊಂಡು ಕೂರಬೇಡಿ. ಥೈರಾಯ್ಡ್ ಗ್ರಂಥಿಯ ನಿಧಾನಗತಿ, ಡಿ ಜೀವಸತ್ವದ ಕೊರತೆ, ಕೀಲುಗಳ ಸಂಧಿವಾತ ಇವೂ ಹೀಗೆಯೇ ಕಾಡುತ್ತವೆ. ಅವಕ್ಕೆ ಬೇರೆ ಚಿಕಿತ್ಸೆ ಉಂಟು. ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಇನ್ನು ನಮ್ಮ ತಪ್ಪಿನ ಮೂಲಕ್ಕೆ ಬರೋಣ. ಜಗದ್ಗುರು ಎರಡನೆಯ ಜಾನ್ ಪಾಲರು 1984ರ ಫೆಬ್ರವರಿ 11ರಂದು ಮಾನವ ಯಾತನೆಯ ಕ್ರೈಸ್ತ ಅರ್ಥವನ್ನು ಕುರಿತು ಒಂದು ಪ್ರೇಷಿತ ಪತ್ರವನ್ನು ಬರೆದರು. ನಾವು ಗುರುವಿದ್ಯಾಮಂದಿರದಲ್ಲಿದ್ದಾಗ ಅದು ಹೊಸದು. ನಮ್ಮ ಯಾತನೆಯನ್ನು ಕ್ರಿಸ್ತರ ಯಾತನೆಯೊಡನೆ ಒಂದುಗೂಡಿಸುವ ವಿಚಾರ ಅದರಲ್ಲಿದೆ; ಅದನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡೆವು. ಆದರೆ ಅದೇ ಪತ್ರದ ಕೊನೆಯ ಭಾಗದಲ್ಲಿ ಒಂದು ಇಡೀ ಅಧ್ಯಾಯ ದಯಾಳುವಾದ ಸಮಾರಿಯದವನನ್ನು ಕುರಿತು ಇದೆ. ಇತರರ ನೋವಿನ ಮುಂದೆ ನಿಲ್ಲದೆ ದಾಟಿ ಹೋಗುವ ಹಕ್ಕು ಯಾರಿಗೂ ಇಲ್ಲವೆಂಬುದು ಅದರ ತಾತ್ಪರ್ಯ. ನಾವು ಅರ್ಧ ಓದಿ ಅರ್ಧ ಉಪದೇಶಿಸಿದ್ದೆವು. ತನ್ನ ನೋವನ್ನು ದೇವರಿಗೆ ಒಪ್ಪಿಸುವುದು ನೋಯುವವರ ಸ್ವಾತಂತ್ರ್ಯ. ಅದನ್ನು ಅವರೇ ಆರಿಸಿಕೊಳ್ಳಬೇಕು. ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಿರುವವನು ಅದನ್ನು ವಿಧಿಸಬಾರದು. ಅವನ ಪಾಲಿಗೆ ಬೇರೆ ಕೆಲಸವಿದೆ.

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆ ಬರುತ್ತಾಳೆ. ಅನೇಕ ವೈದ್ಯರ ಕೈಗೆ ಸಿಕ್ಕಿ, ಇದ್ದ ಹಣವನ್ನೆಲ್ಲ ಕಳೆದುಕೊಂಡು, ಗುಣವಾಗುವ ಬದಲು ಇನ್ನಷ್ಟು ಕೆಟ್ಟವಳು. ಅವಳು ಪ್ರಭುವಿನ ಉಡುಪನ್ನು ಮುಟ್ಟಿದ್ದನ್ನು ಕುರಿತು ನಾವು ಬಹಳ ಪ್ರಸಂಗ ಮಾಡಿದ್ದೇವೆ. ಮುಂದಿನದನ್ನು ಗಮನಿಸಿರಲಿಲ್ಲ. ಯಾಯಿರನ ಮಗಳು ಸಾಯುತ್ತಿದ್ದಾಳೆ, ಎಲ್ಲರಿಗೂ ಅವಸರ, ಜನರ ನೂಕುನುಗ್ಗಲು. ಅಂತಹ ಹೊತ್ತಿನಲ್ಲಿ ಪ್ರಭು ದಾರಿಯಲ್ಲೇ ನಿಂತು, ಆ ಮಹಿಳೆ ತನ್ನ ಇಡೀ ವೃತ್ತಾಂತವನ್ನು ಹೇಳಿ ಮುಗಿಸುವ ತನಕ ಕೇಳುತ್ತಾರೆ. ಆ ವೈದ್ಯೆ ಕುರ್ಚಿಯಿಂದ ಏಳದೆ ಕೇಳಿದ್ದೂ ಅದೇ ಬಗೆಯದು. ನಮಗೋ, ಮುಂದಿನ ಮನೆಗೆ ಹೋಗುವ ಆತುರವಿತ್ತು.

ಇನ್ನು ಆ ಮನೆಯವರು ಏನು ಮಾಡಿದರೆಂಬುದನ್ನು ಹೇಳುತ್ತೇವೆ. ಇಂದಿನ ಮಾತಿನ ಮುಖ್ಯ ಭಾಗ ಇದೇ.

ವೈದ್ಯೆ ಗಂಡನನ್ನೂ ಹಿರಿಯ ಮಗನನ್ನೂ ಅತ್ತೆಯನ್ನೂ ಒಟ್ಟಿಗೆ ಕೂರಿಸಿ ಮಾತನಾಡಿದರು. ಮೊದಲು ಅವರು ಕೇಳಿದ್ದು, ಇವರು ಬೆಳಗಿನಿಂದ ರಾತ್ರಿಯ ತನಕ ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ ಎಂದು. ಮಗ ಬರೆಯತೊಡಗಿದ. ಹಾಳೆಯ ಎರಡೂ ಬದಿ ತುಂಬಿ, ಇನ್ನೊಂದು ಹಾಳೆ ಬೇಕಾಯಿತು. ಆ ಹುಡುಗ ಆಗ ಹದಿನೇಳು ವರ್ಷದವನು. ನಮ್ಮ ಯುವಜನ ಸಂಘದ ಚುರುಕಿನ ಸದಸ್ಯ. ತೇರಿಗೆ ಹೂ ಕಟ್ಟಲು, ಚಪ್ಪರ ಹಾಕಲು, ಗೋದಲಿ ಕಟ್ಟಲು ಎಲ್ಲರಿಗಿಂತ ಮುಂದು. ಮನೆಯಲ್ಲಿ ಒಂದು ಕೊಡ ನೀರು ಎತ್ತಿದವನಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅವನನ್ನು ಹಾಗೆ ಹೊಗಳಿ ಹೊಗಳಿ ಬೆಳೆಸಿದವರಲ್ಲಿ ನಾವೂ ಒಬ್ಬರು.

ಆ ರಾತ್ರಿ ಮುದ್ದೆ ಕೋಲು ಅವನ ಕೈಗೆ ಬಂತು. ಮೊದಲ ವಾರ ಮುದ್ದೆಯಲ್ಲಿ ಗಂಟು, ಅಡಿಯಲ್ಲಿ ಸೀದ ವಾಸನೆ. ಅಜ್ಜಿ ಗೊಣಗಿದರು, ಮೈದುನ ನಕ್ಕರು. ತಾಯಿಗೆ ತಡೆಯಲಾರದೆ ಎದ್ದು ಕೋಲು ಕಿತ್ತುಕೊಳ್ಳಲು ಹೋದಾಗ ಗಂಡ ಒಂದೇ ಮಾತು ಹೇಳಿದರಂತೆ: "ಗಂಟಿದ್ದರೆ ಗಂಟೇ ತಿನ್ನೋಣ, ನೀನು ಕೂತುಕೋ." ಆ ಗಂಡಸು ಹೆಚ್ಚು ಓದಿದವರಲ್ಲ, ದೇವಾಲಯಕ್ಕೂ ಹಬ್ಬಕ್ಕೊಮ್ಮೆ ಬರುತ್ತಿದ್ದವರು. ಆ ಒಂದು ಮಾತಿಗಾಗಿ ನಾವು ಅವರನ್ನು ಗೌರವಿಸುತ್ತೇವೆ.

ಕೆಲಸ ಹಂಚಿಕೊಂಡರೆ ಎಲ್ಲ ಸರಿಹೋಯಿತೆಂದು ನೀವು ಭಾವಿಸಬಾರದು. ಈ ರೋಗದಲ್ಲಿ ಒಂದು ಮೋಸವಿದೆ. ನೋವು ಕಡಿಮೆಯಿರುವ ದಿನ ಬಂದರೆ ಗೃಹಿಣಿ ಏನು ಮಾಡುತ್ತಾಳೆ? ಇವತ್ತು ಮೈ ಹಗುರವಾಗಿದೆಯೆಂದು ಕಂಬಳಿಗಳನ್ನೆಲ್ಲ ಒಗೆಯುತ್ತಾಳೆ, ಅಟ್ಟ ಗುಡಿಸುತ್ತಾಳೆ, ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಾಳೆ. ಮರುದಿನದಿಂದ ಮೂರು ದಿನ ಮೇಲೇಳಲಾಗುವುದಿಲ್ಲ. ನೋಡಿದವರು, ನಿನ್ನೆ ಚೆನ್ನಾಗಿಯೇ ಇದ್ದಳಲ್ಲ, ಇದು ನಾಟಕ ಎನ್ನುತ್ತಾರೆ. ಆದುದರಿಂದ ವೈದ್ಯೆಯ ಆಜ್ಞೆ ಹೀಗಿತ್ತು: ಒಳ್ಳೆಯ ದಿನದಲ್ಲಿ ಆಗುತ್ತದೆ ಎನಿಸಿದ್ದರ ಅರ್ಧದಷ್ಟು ಮಾತ್ರ ಮಾಡಬೇಕು, ಕೆಟ್ಟ ದಿನದಲ್ಲಿಯೂ ಪೂರ್ತಿ ಮಲಗದೆ ಸ್ವಲ್ಪ ಏನಾದರೂ ಮಾಡಬೇಕು. ದಣಿವು ಬಂದ ಮೇಲೆ ಕೂರುವುದಲ್ಲ, ಬರುವ ಮೊದಲೇ ಕೂರಬೇಕು. ಹೆಂಗಸರಿಗೆ ಇದು ಎಷ್ಟು ಕಷ್ಟವೆಂಬುದನ್ನು ಮುಂದಿನ ಸಾಲಿನಲ್ಲಿರುವ ತಾಯಂದಿರ ನಗುವೇ ಹೇಳುತ್ತಿದೆ.

ಆ ತಾಯಿ ಇದಕ್ಕೆ ತಾವೇ ಒಂದು ಉಪಾಯ ಕಂಡುಕೊಂಡರು. ಗಡಿಯಾರ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಐದು ದಶಕಗಳ ಜಪಮಾಲೆಯನ್ನು ಬಾಯಲ್ಲಿ ಹೇಳಿಕೊಳ್ಳುತ್ತ ನಿಂತು ಕೆಲಸ ಮಾಡುವುದು. ಅದು ಮುಗಿಯಲು ಸುಮಾರು ಇಪ್ಪತ್ತು ನಿಮಿಷ. ಮುಗಿದೊಡನೆ ಕೆಲಸ ಎಲ್ಲಿದ್ದರೂ ಅಲ್ಲಿಯೇ ಬಿಟ್ಟು ಕುಳಿತು, ಇನ್ನೆರಡು ದಶಕ ಹೇಳುವುದು. "ಮೊದಲು ದೇವರಿಗಾಗಿ ಜಪ ಮಾಡುತ್ತಿದ್ದೆ, ಈಗ ಸೊಂಟಕ್ಕಾಗಿ ಮಾಡುತ್ತೇನೆ, ತಪ್ಪೇ ಸ್ವಾಮಿ?" ಎಂದು ಕೇಳಿದರು. ತಪ್ಪಲ್ಲವೆಂದೆವು. ಈ ಬಾರಿ ಯೋಚಿಸಿಯೇ ಉತ್ತರಿಸಿದೆವು.

ಅಡಿಗೆಮನೆಗೆ ಒಂದು ಎತ್ತರದ ಮಣೆ ಬಂತು. ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಬಗ್ಗಿ ಹೆಚ್ಚುವ ಬದಲು, ಆ ಮಣೆಯ ಮೇಲೆ ಕುಳಿತು ಮೇಜಿನ ಮೇಲೆ ಚಾಕುವಿನಿಂದ ಹೆಚ್ಚುವುದು. ದೊಡ್ಡ ಕೊಡ ಮೂಲೆ ಸೇರಿತು. ಎರಡು ಚಿಕ್ಕ ಬಿಂದಿಗೆಗಳಲ್ಲಿ ಮಕ್ಕಳು ನೀರು ತರುವುದು. ಶನಿವಾರ ಒಂದೇ ದಿನ ಹನ್ನೊಂದು ಜನರ ಬಟ್ಟೆ ಒಗೆಯುವ ಪದ್ಧತಿ ನಿಂತಿತು. ಹತ್ತು ವರ್ಷ ದಾಟಿದವರು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಬೇಕು, ಹುಡುಗರೂ ಕೂಡ. ಹಸುಗಳಲ್ಲಿ ಒಂದನ್ನು ಮಾರಿದರು. ಇದು ಸುಲಭದ ತೀರ್ಮಾನವಾಗಿರಲಿಲ್ಲ, ಆ ಹಾಲಿನ ಹಣದಲ್ಲಿಯೇ ಶಾಲೆಯ ಶುಲ್ಕ ಸಲ್ಲುತ್ತಿತ್ತು. ಆ ವರ್ಷದ ಶುಲ್ಕವನ್ನು ಮೈದುನ ಕಟ್ಟಿದರು. ಮರೆವು ಈ ರೋಗದ ಇನ್ನೊಂದು ಕಾಟ. ಸಾರಿಗೆ ಎರಡು ಬಾರಿ ಉಪ್ಪು ಹಾಕಿ ಬೈಸಿಕೊಂಡ ದಿನಗಳಿದ್ದವು. ಅದಕ್ಕಾಗಿ ಶಾಲೆಯ ಹಳೆಯ ಸ್ಲೇಟೊಂದನ್ನು ಗೋಡೆಗೆ ನೇತುಹಾಕಿದರು. ಡೇರಿಯ ಲೆಕ್ಕ, ಮಾವನವರ ಗುಳಿಗೆ, ಯಾರ ಪಾಲಿಗೆ ಯಾವ ಕೆಲಸ ಎಲ್ಲವೂ ಅದರ ಮೇಲೆ.

ನಿದ್ರೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೆನಡದ ಟೊರಾಂಟೊ ನಗರದಲ್ಲಿ ಮೊಲ್ಡೊಫ್ಸ್ಕಿ ಎಂಬ ವೈದ್ಯರೂ ಅವರ ಸಂಗಡಿಗರೂ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಆರೋಗ್ಯವಂತರ ಗಾಢನಿದ್ರೆಯನ್ನು ಕೆಲವು ರಾತ್ರಿಗಳ ಕಾಲ ಬೇಕೆಂದೇ ಕೆಡಿಸಿದಾಗ ಅವರಿಗೂ ಈ ರೋಗಿಗಳಂತೆಯೇ ಮೈಕೈ ನೋವು ಕಾಣಿಸಿಕೊಂಡಿತು. ಹಾಗಾದರೆ ಆರು ಮಕ್ಕಳ ತಾಯಿಯ ರಾತ್ರಿಗಳನ್ನು ಯೋಚಿಸಿ. ಎಳೆಗೂಸು ಅತ್ತರೆ ಅವರು, ಮಾವನವರು ನೀರು ಕೇಳಿದರೆ ಅವರು, ಎರಡನೆಯ ಪಾಳಿ ಮುಗಿಸಿ ಮಧ್ಯರಾತ್ರಿ ಬರುವ ಮೈದುನನಿಗೆ ಬಾಗಿಲು ತೆಗೆಯುವುದೂ ಅನ್ನ ಬಡಿಸುವುದೂ ಅವರು. ಮೈದುನನಿಗೆ ಒಂದು ಬೀಗದ ಕೈ ಮಾಡಿಸಿಕೊಟ್ಟರು. ಹಲವು ವರ್ಷಗಳ ನಿದ್ರಾಭಂಗ ಒಂದು ಬೀಗದ ಕೈಯಿಂದ ತಪ್ಪಿತು! ಮಾವನವರ ಕೋಣೆಯಲ್ಲಿ ಗಂಡ ಮಲಗತೊಡಗಿದರು. ಒಂಬತ್ತೂವರೆಗೆ ಟೆಲಿವಿಷನ್ ಬಂದ್. ಇದಕ್ಕೆ ಮಾತ್ರ ಅತ್ತೆಯವರೊಡನೆ ದೊಡ್ಡ ಕದನವೇ ನಡೆಯಿತಂತೆ.

ವೈದ್ಯೆ ರಾತ್ರಿಗೆ ಅಮಿಟ್ರಿಪ್ಟಿಲಿನ್ ಎಂಬ ಗುಳಿಗೆಯನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟಿದ್ದರು. ಅದು ಹುಚ್ಚಿಗೆ ಕೊಡುವ ಮಾತ್ರೆಯೆಂದು ಯಾರೋ ಹೇಳಿ, ಅತ್ತೆಯವರು ಅದನ್ನು ತಿಪ್ಪೆಗೆ ಎಸೆದರು. ಖಿನ್ನತೆಗೆಂದು ಬಂದ ಹಳೆಯ ಔಷಧ ಅದು, ನಿಜ. ಸಣ್ಣ ಪ್ರಮಾಣದಲ್ಲಿ ನಿದ್ರೆಯನ್ನು ಸರಿಪಡಿಸಿ ನೋವನ್ನು ತಗ್ಗಿಸಲು ಅದನ್ನು ಕೊಡುತ್ತಾರೆ. ಬೇರೆ ಔಷಧಗಳೂ ಇವೆ, ಯಾರಿಗೆ ಯಾವುದೆಂಬುದು ವೈದ್ಯರಿಗೆ ಸೇರಿದ್ದು. ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಈ ರೋಗದಲ್ಲಿ ಅಷ್ಟಾಗಿ ನಾಟುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಹುದು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ನಡಿಗೆ. ಐರೋಪ್ಯ ತಜ್ಞರ ಸಂಘಟನೆಯೊಂದು 2017ರಲ್ಲಿ ಈ ರೋಗದ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ನಾವೂ ಕೇಳಿದ್ದೆವು. ಅಲ್ಲವಂತೆ, ಬಗ್ಗುವುದು, ಎತ್ತುವುದು, ಹಿಂಡುವುದು ಮೈಯನ್ನು ದಣಿಸುತ್ತವೆ, ಸಮನಾದ ನಡಿಗೆ ಸಡಿಲಿಸುತ್ತದೆ. ಮೊದಲು ಮನೆಯಿಂದ ದೇವಾಲಯದ ಗೇಟಿನ ತನಕ ಐದು ನಿಮಿಷ, ವಾರಕ್ಕೊಂದು ನಿಮಿಷದಂತೆ ಹೆಚ್ಚಿಸಬೇಕು. ಪ್ರಾರಂಭದಲ್ಲಿ ನೋವು ಹೆಚ್ಚಾಗುತ್ತದೆ, ಅಲ್ಲಿಯೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸಂಸಾರಸ್ಥೆ ಸಂಜೆಯ ಹೊತ್ತು ಕೈಬೀಸಿಕೊಂಡು ತಿರುಗುವುದನ್ನು ಕಂಡು ಊರಿನ ಜಗಲಿಗಳು ಸುಮ್ಮನಿದ್ದಾವೇ? ಎರಡನೆಯ ಮಗಳು ಜೊತೆಗೆ ಹೊರಟಳು. ಕೈಯಲ್ಲಿ ಒಂದು ಖಾಲಿ ಚೀಲ ಹಿಡಿದುಕೊಂಡು ಹೊರಟರೆ ಅಂಗಡಿಗೆ ಹೋಗುತ್ತಿದ್ದಾರೆಂದು ಜನ ತಿಳಿಯುತ್ತಾರೆಂಬುದು ಆ ಹುಡುಗಿಯ ಯುಕ್ತಿ. ನಮಗೆ ನಗು ಬಂತು, ಸ್ವಲ್ಪ ದುಃಖವೂ ಆಯಿತು.

ಅತ್ತೆಯವರನ್ನು ಕುರಿತು ಕಠಿಣವಾಗಿ ಮಾತನಾಡಿದೆವೇನೋ. ಅವರು ಹತ್ತು ಹೆತ್ತು, ನಾಲ್ವರನ್ನು ಕಳೆದುಕೊಂಡು, ಒರಳಲ್ಲಿ ರುಬ್ಬಿ, ಕುಕ್ಕುಟದಂತೆ ಬೆಳಗಿನ ಜಾವಕ್ಕೆ ಎದ್ದು ಬಾಳಿದವರು. ಒಂದು ದಿನ ಅವರೆಕಾಳು ಹಿತುಕುತ್ತ ಕುಳಿತಿದ್ದಾಗ ನಮ್ಮೊಡನೆ, "ನನಗೂ ಹೀಗೆಯೇ ನೋಯುತ್ತಿತ್ತು ಸ್ವಾಮಿ. ನಮ್ಮ ಅತ್ತೆ ನನ್ನನ್ನು ಮೈಗಳ್ಳಿ ಅಂತಲೇ ಕರೆಯುತ್ತಿದ್ದದ್ದು. ನನಗೆ ಯಾರು ಕೋಲು ಹಿಡಿದು ಮುದ್ದೆ ತಿರುವಿಕೊಟ್ಟರು?" ಎಂದರು. ಅವರಿಗೂ ಇದೇ ರೋಗವಿತ್ತೋ ಇಲ್ಲವೋ ಯಾರು ಬಲ್ಲರು. ಅವರ ಸಿಟ್ಟಿನಲ್ಲಿ ಒಂದು ನ್ಯಾಯ ನಮಗೆ ಕಂಡಿತು. ಅವರು ಕೊನೆಯ ತನಕ ಗೊಣಗುವುದನ್ನು ಬಿಡಲಿಲ್ಲ; ಕಾಳು ಹಿತುಕುವುದನ್ನೂ ಬಿಡಲಿಲ್ಲ.

ಆ ತಾಯಿ ಗುಣವಾದರೇ ಎಂದು ಕೇಳುವಿರಿ. ಇಲ್ಲ. ನೋವು ಇದೆ, ಮೊದಲಿನಷ್ಟಿಲ್ಲ. 2019ರಲ್ಲಿ ಹಿರಿಯ ಮಗಳ ಮದುವೆ ಬಂತು. ಸ್ಲೇಟು, ಜಪಮಾಲೆ, ಮಣೆ ಎಲ್ಲವನ್ನೂ ಮರೆತು ಒಂದು ವ್ಯಕ್ತಿಯಾಗಿ ಮೂವರ ಕೆಲಸ ಮಾಡಿದರು. ಮದುವೆಯ ಮರುದಿನದಿಂದ ಎರಡು ತಿಂಗಳು ನೆಲ ಹಿಡಿದರು. ನಾವು ನೋಡಲು ಹೋದಾಗ, "ಮಗಳ ಮದುವೆಯಲ್ಲಿ ಅಮ್ಮ ಕುರ್ಚಿ ಮೇಲೆ ಕೂತಿದ್ದರೆ ಬೀಗರು ಏನಂದುಕೊಳ್ಳುತ್ತಾರೆ, ಸ್ವಾಮಿ?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಬೀಗರಿಗೆ ಮಾತ್ರ ಸೇರಿದ್ದಲ್ಲ, ನಮ್ಮ ದೇವಾಲಯಕ್ಕೂ ಸೇರಿದೆ. ಪೂಜೆಯ ವೇಳೆ ಎಲ್ಲರೂ ಮೊಣಕಾಲೂರಿದಾಗ ಒಬ್ಬ ಯುವತಿ ಕುಳಿತೇ ಇದ್ದರೆ ಹಿಂದಿನ ಸಾಲಿನವರು ಗುಸುಗುಟ್ಟುವುದನ್ನು ನಾವು ಪೀಠದಿಂದ ಕಂಡಿದ್ದೇವೆ. ಮೈಗೆ ಆಗದವರು ಕುಳಿತಿರುವುದು ಪಾಪವಲ್ಲ, ಅಗೌರವವೂ ಅಲ್ಲ. ಅವರು ಏಕೆ ಕುಳಿತಿದ್ದಾರೆಂದು ವಿಚಾರಿಸುವ ಅಧಿಕಾರ ಯಾರಿಗೂ ಇಲ್ಲ. ಹಿಂಬದಿಯಲ್ಲಿ ಒರಗು ಇರುವ ಹತ್ತು ಕುರ್ಚಿಗಳನ್ನು ಈ ಭಾನುವಾರದಿಂದ ಇಡಿಸುತ್ತೇವೆ. ಪವಿತ್ರ ತೈಲ ಲೇಪಿಸುವ ಸಂಸ್ಕಾರವೆಂದರೆ ಸಾವಿನ ಬಾಗಿಲಲ್ಲಿ ಮಾತ್ರ ಎಂಬ ಭಯ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಅದು ಸಾಯುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿತು. ದೀರ್ಘಕಾಲದ ರೋಗದಿಂದ ತೀರ ಬಳಲಿದವರು ನಮ್ಮ ಬಳಿ ಬಂದು ಮಾತನಾಡಲಿ. ನಾವು ಮೊದಲು ಕೇಳಿಸಿಕೊಳ್ಳುತ್ತೇವೆ. ಮುಂದಿನ ಮನೆ ಕಾಯಲಿ.

ಪೇತ್ರನ ಅತ್ತೆಗೆ ಜ್ವರ ಬಿಟ್ಟೊಡನೆ ಅವಳು ಎದ್ದು ಅತಿಥಿಗಳನ್ನು ಉಪಚರಿಸಿದಳೆಂಬ ವೃತ್ತಾಂತವನ್ನು ತಾಯಂದಿರಿಗೆ ಆದರ್ಶವಾಗಿ ನಾವು ಎಷ್ಟೋ ಬಾರಿ ತೋರಿಸಿದ್ದೇವೆ. ಅವಳು ಎದ್ದದ್ದು ಜ್ವರ ಬಿಟ್ಟ ಮೇಲೆ ಎಂಬುದನ್ನು ಒತ್ತಿ ಹೇಳಲಿಲ್ಲ. ಪ್ರಭು ಮೊದಲು ಅವಳ ಕೈ ಹಿಡಿದರು, ಊಟ ಆಮೇಲೆ.

ಊಟವೆಂದಾಗ ನೆನಪಾಯಿತು. ಬರುವ ಮೇ ತಿಂಗಳ ಶತಮಾನೋತ್ಸವದ ಹಬ್ಬಕ್ಕೆ ಎರಡು ಸಾವಿರ ಜನರ ಊಟವನ್ನು ಅಂದಾಜು ಮಾಡಿದ್ದೇವೆ. ಅಡಿಗೆಯ ಹೊಣೆಯನ್ನು ಎಂದಿನಂತೆ ಮಾತೆಯರ ಸಂಘಕ್ಕೆ ಬರೆದುಕೊಂಡು ಸಮಿತಿಯವರು ನಮ್ಮ ರುಜುವಿಗೆ ತಂದಿದ್ದರು. ನಾವು ರುಜು ಹಾಕಲಿಲ್ಲ. ಅಡಿಗೆಯವರನ್ನು ಗೊತ್ತು ಮಾಡುವುದು, ಅದಕ್ಕಾಗಿ ದೀಪಾಲಂಕಾರದ ಖರ್ಚಿನಲ್ಲಿ ಅರ್ಧ ಕಡಿಮೆ ಮಾಡುವುದು ಎಂದು ತೀರ್ಮಾನವಾಗಿದೆ. ಕೆಲವರಿಗೆ ಅಸಮಾಧಾನವಾಗಿರುವುದೂ ನಮಗೆ ಗೊತ್ತು. ನೀರು ಹೊರುವುದಕ್ಕೂ ಪಾತ್ರೆ ಇಳಿಸಿ ತೊಳೆಯುವುದಕ್ಕೂ ಗಂಡಸರ ಹೆಸರುಗಳ ಒಂದು ಪಟ್ಟಿಯನ್ನು ದೇವಾಲಯದ ಬಾಗಿಲ ಬಳಿ ಅಂಟಿಸಿದ್ದೇವೆ. ಎರಡು ವಾರದಲ್ಲಿ ಏಳು ಹೆಸರುಗಳು ಬಂದಿವೆ, ಮೊದಲನೆಯದು ನಮ್ಮದು. ನಲವತ್ತು ಜನ ಬೇಕು. ಪೆನ್ನನ್ನು ದಾರದಿಂದ ಅಲ್ಲಿಯೇ ಕಟ್ಟಿದೆ. ಹೊರಗೆ ಹೋಗುವಾಗ ನೋಡಿ.